ಗುರುವಾರದ ಮೂಗು

ಲೊವೆಲ್ ಗಾಜಿನ ಜಾಡಿಯನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಮುಚ್ಚಳ ತಿರುಗಿಸುತ್ತಿದ್ದ. ಅದು ಅಲುಗಲಿಲ್ಲ.

"ಬಿಸಿನೀರಲ್ಲಿ ಅದ್ದಿದ್ರೆ ಬರುತ್ತೇನೋ," ಎಂದ ಪಕ್ಕದಲ್ಲಿ ಕೂತಿದ್ದ ಮರ್ಲ್.

"ಮೂವತ್ತು ವರ್ಷ ನದೀಲಿ ಹಡಗು ತಿರುಗಿಸಿದೀನಿ ಮಾರಾಯ. ಇದೊಂದು ಮುಚ್ಚಳ ಯಾವ ಲೆಕ್ಕ."

"ಹಡಗು ತಿರುಗಿಸಿದ್ದು ಇಂಜಿನ್ನು. ನೀನು ಕೂತಿದ್ದೆ, ಅಷ್ಟೆ."

ಚರ್ಚಿನ ನೆಲಮಾಳಿಗೆಯಲ್ಲಿ ಹದಿನೆಂಟು ಜನ ಇದ್ದರು. ಎಮೆಟ್ ರೋಸ್ಲರ್‌ನನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದು ಅರ್ಧ ಗಂಟೆಯಾಗಿತ್ತು. ಹೆಂಡತಿ ಮಕ್ಕಳಿಲ್ಲದವನು. ಪ್ರಾರ್ಥನೆಯ ವೇಳೆ ಮನೆಯವರಿಗೆಂದು ಬಿಟ್ಟಿದ್ದ ಮುಂದಿನ ಸಾಲಿನಲ್ಲಿ ಅವನ ತಂಗಿಯ ಮಗಳು ಕೊರಿನ್ ಒಬ್ಬಳೇ ಕೂತಿದ್ದಳು. ಉಳಿದವರೆಲ್ಲ ಗಿರಾಕಿಗಳು. ನಲವತ್ತು ವರ್ಷ ನದಿಬೀದಿಯಲ್ಲಿ ಪೈಪಿನ ಹೊಗೆಸೊಪ್ಪು ಮಾರಿದ ಎಮೆಟ್‌ಗೆ ಆ ಕಡೆಯ ಜನ ಇಟ್ಟಿದ್ದ ಹೆಸರು 'ಮೂಗು'.

ಥೋರಾ ಮಿಕೆಲ್‌ಸನ್ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದಳು. ಎಮೆಟ್‌ನ ಅಂಗಡಿಯ ಎದುರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದವಳು. ಅವನಿಗೆ ನೀನು ಏನಾಗಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಕೊರಿನ್ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. "ಜಾಡಿ ಜೊತೆ ಇದೂ ಅಂಗಡೀಲಿ ಸಿಕ್ತು. ಯಾವ ಸಿಹಿ ಹೊಗೆಸೊಪ್ಪು ಎಷ್ಟು ವರ್ಷ ಘಮ ಉಳಿಸಿಕೊಳ್ಳುತ್ತೆ ಅಂತ ಮಾವ ಬರೆದಿಟ್ಟಿದಾರೆ. ನನಗೆ ಇದೆಲ್ಲ ತಿಳಿಯಲ್ಲ. ಆದ್ರೆ ಓದೋಕೆ ಚೆನ್ನಾಗಿದೆ."

"ಓದಮ್ಮ," ಎಂದ ಲೊವೆಲ್.

"'ಚೆರ್ರಿ ಹಾಕಿದ್ದು, ಎರಡನೇ ವರ್ಷ. ಹಣ್ಣು ಹೋಗಿದೆ. ಕೆಮ್ಮಿನ ಔಷಧಿ ಕುಡಿದಿಟ್ಟ ಚಮಚದಷ್ಟು ಉಳಿದಿದೆ.'"

ಗಂಡಸರು ನಕ್ಕರು.

"'ಹಬೆಯಲ್ಲಿ ಬೇಯಿಸಿದ ಕಪ್ಪು ಎಲೆ, ಆರನೇ ವರ್ಷ. ಹಾಗೇ ಇದೆ. ಕಾಕಂಬಿ ಡಬ್ಬಿಯ ತಳ.' 'ಹೊಂಬಣ್ಣದ ವರ್ಜೀನಿಯಾ ಎಲೆ, ಜೇನು ಹಾಕಿದ್ದು, ಒಂಬತ್ತನೇ ವರ್ಷ. ಮೊದಲಿಗಿಂತ ಈಗಲೇ ಚೆನ್ನ. ಸೇಬುಗಳನ್ನು ಪೇಪರಿನಲ್ಲಿ ಸುತ್ತಿಟ್ಟ ಅಟ್ಟ, ಫೆಬ್ರವರಿಯಲ್ಲಿ.'"

"ಫೆಬ್ರವರಿಯಂತೆ ನೋಡು," ಎಂದ ಮರ್ಲ್. "ಜನವರಿ ಅಲ್ಲ. ಅಂಥ ಮೂಗು ಇನ್ನು ಹುಟ್ಟಲ್ಲ ಬಿಡು."

ಥೋರಾ ಬಗ್ಗಿಸುತ್ತಿದ್ದ ಕಾಫಿ ಕಪ್ಪಿನಿಂದ ತಟ್ಟೆಗೆ ಚೆಲ್ಲಿತು. ಆ ಅಟ್ಟ ಅವಳ ಅಜ್ಜಿಯದು.

*

ಸುಮಾರು ಹನ್ನೊಂದು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಎಮೆಟ್ ಪಾರ್ಸೆಲ್‌ಗಳನ್ನು ತಂದು ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದ. ಕೌಂಟರಿನ ಹಿಂದಿದ್ದ ಥೋರಾಗೆ ಉಣ್ಣೆ ಸುಡುವ ಕಮಟು ವಾಸನೆ ಮೊದಲು ಬಂತು, ಆಮೇಲೆ ಹೊಗೆ ಕಂಡಿತು.

"ರೋಸ್ಲರ್ ಅವರೇ, ನಿಮ್ಮ ಜೇಬು ಉರೀತಿದೆ."

ಅವನು ಬಗ್ಗಿ ನೋಡಿದ. ಆರದ ಪೈಪನ್ನು ಹಾಗೇ ಕೋಟಿಗೆ ಇಳಿಸಿದ್ದ. ಜೇಬಿನಲ್ಲಿ ಅಂಗೈಯಗಲ ತೂತು ಬಿದ್ದಿತ್ತು. ಥೋರಾ ಹೂಕುಂಡದ ನೀರನ್ನೇ ಎತ್ತಿ ಸುರಿದಳು. ಸಾಲಿನಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡಿದ್ದರು. ಊರಿಗೆಲ್ಲ ಮೂಗಾಗಿದ್ದವನ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

ಸಂಜೆ ಕಚೇರಿ ಮುಚ್ಚಿ ಅವಳು ಅಂಗಡಿಗೆ ಹೋದಳು.

"ಯಾವಾಗಿಂದ?" ಎಂದಷ್ಟೇ ಕೇಳಿದಳು.

ಅವನು ಬಹಳ ಹೊತ್ತು ತಕ್ಕಡಿ ಒರೆಸಿದ. "ಜನವರಿ ಜ್ವರದಿಂದ. ವಾಸನೆ ಇನ್ನು ಗೊತ್ತಾಗಲ್ಲ ಅಂದ್ರು ಡಾಕ್ಟರು. ಮೂಗಿಲ್ಲದವನ ಹತ್ತಿರ ಹೊಗೆಸೊಪ್ಪು ಯಾರು ತಗೋತಾರೆ ಹೇಳಿ?"

ಅವಳು ಕಪಾಟಿನಿಂದ ಒಂದು ಜಾಡಿ ಇಳಿಸಿ, ಮುಚ್ಚಳ ತೆಗೆದು, ಮೂಸಿದಳು. "ಇದು ನಮ್ಮಜ್ಜಿಯ ಹೊಲಿಗೆ ಪೆಟ್ಟಿಗೆ ಇದ್ದ ಹಾಗಿದೆ. ಒಳಗೆ ಯಾರೋ ಒಣದ್ರಾಕ್ಷಿ ಮರೆತು ಬಿಟ್ಟಿದಾರೆ."

ಅವನು ತಲೆಯೆತ್ತಿದ. "ಒಣದ್ರಾಕ್ಷಿ ವಾಸನೆ ಮುಂದಿದೆಯೋ, ಹಿಂದಿದೆಯೋ?"

"ಹಿಂದೆ."

"ಹಾಗಾದ್ರೆ ಎಲೆ ಹಣ್ಣಾಗಿದೆ," ಎಂದು ಬರೆದುಕೊಂಡ.

ಅಂದು ಗುರುವಾರ. ಅಲ್ಲಿಂದ ಮುಂದೆ ಪ್ರತಿ ಗುರುವಾರ ಐದೂವರೆಗೆ ಅವಳು ಹೋಗುವಳು. ಅವನು ಎರಡೋ ಮೂರೋ ಜಾಡಿ ತೆಗೆದಿಡುವನು, ಅವಳು ಮೂಸಿ ಹೇಳುವಳು. ಮೇಲೆ ಸಿಂಪಡಿಸಿದ ಸಿಹಿ ಹಾರಿಹೋಗುತ್ತದೆ, ಎಲೆಯದೇ ಸಿಹಿ ಉಳಿಯುತ್ತದೆ ಎಂದು ಅವನು ಅವಳಿಗೆ ಕಲಿಸಿದ. ಅವಳ ಗಂಡ ಬಿಟ್ಟುಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಊಟಕ್ಕೆ ಕರೆಯುತ್ತಾನೇನೋ ಎಂದು ಒಂದೆರಡು ಚಳಿಗಾಲ ಅವಳು ಕಾದದ್ದೂ ಉಂಟು. ಅವನು ಕರೆಯಲಿಲ್ಲ, 'ನೀವು' ಎನ್ನುವುದನ್ನೂ ಇಬ್ಬರೂ ಬಿಡಲಿಲ್ಲ. ಒಮ್ಮೆ ಮಾತ್ರ, ಅವಳು ಹೊರಟು ನಿಂತಾಗ ಕೇಳಿದ:

"ನಿಮ್ಮ ಕೋಟು ಯಾವ ವಾಸನೆ?"

"ನುಸಿಗುಳಿಗೆ. ಹುರಿದ ಈರುಳ್ಳಿ."

ಅವನು ತಲೆಯಾಡಿಸಿದ. ಅದನ್ನು ಬರೆದುಕೊಳ್ಳಲಿಲ್ಲ.

ಒಂದು ಮಿಶ್ರಣದ ವಿಷಯದಲ್ಲಿ ಅವಳು ಸುಳ್ಳು ಹೇಳಿದಳು. ಅದಕ್ಕೆ ಅವನು 'ಅಕ್ಟೋಬರ್' ಎಂದು ಹೆಸರಿಟ್ಟಿದ್ದ: ವರ್ಜೀನಿಯಾ ಎಲೆ, ಮೇಪಲ್ ಪಾಕ, ವೆನಿಲಾ. ಮೂಗು ಹೋಗುವ ಮೂರು ತಿಂಗಳ ಮುಂಚೆ ಬೆರೆಸಿದ್ದು, ತನ್ನ ಮೂಗನ್ನೇ ನಂಬಿ ಬೆರೆಸಿದ ಕೊನೆಯದು. ಡಬ್ಬಿಗಳಲ್ಲಿ ಮಾರಿದ್ದಲ್ಲದೆ, ವರ್ಷಕ್ಕೊಂದು ತೆರೆಯಲೆಂದು ಹನ್ನೆರಡು ಜಾಡಿ ತುಂಬಿಟ್ಟಿದ್ದ. ಮೂರನೆಯದನ್ನು ತೆರೆದ ದಿನ ಅದರಲ್ಲಿ ಒಣಹುಲ್ಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅವನು ಪೆನ್ಸಿಲ್ ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದ.

"ಪಾಕ ಇನ್ನೂ ಒಲೆ ಮೇಲೇ ಇದೆ," ಎಂದಳು ಥೋರಾ. "ಯಾರೋ ಈಗ ತಾನೆ ಕಿಟಕಿ ತೆಗೆದಿದಾರೆ."

ಆಮೇಲೆ ಪ್ರತಿ ಅಕ್ಟೋಬರಿನಲ್ಲೂ ಅವಳು ಹೊಸದಾಗಿ ಏನಾದರೂ ಹುಟ್ಟಿಸಿ ಹೇಳಬೇಕಾಯಿತು.

*

ಮುಚ್ಚಳ ಕೊನೆಗೆ ಬಿಸಿನೀರಿಗೇ ಬಗ್ಗಿತು. ಅದು 'ಅಕ್ಟೋಬರ್'ನ ಹನ್ನೆರಡನೇ ಜಾಡಿ. ಲೊವೆಲ್ ಮೂಗಿಟ್ಟು ಕಣ್ಣು ಮುಚ್ಚಿದ. "ಆಹಾ," ಎಂದು ಮರ್ಲ್‌ಗೆ ದಾಟಿಸಿದ.

ಮರ್ಲ್ ಎರಡು ಸಲ ಮೂಸಿದ. "ನನಗೇನೂ ಬರ್ತಿಲ್ಲವಲ್ಲೋ."

"ಹಂದಿ ಕೊಟ್ಟಿಗೇಲಿ ಬೆಳೆದ ಮೂಗು ನಿಂದು. ನಿನಗೆ ಹೇಗೆ ಬಂದೀತು?"

"ಅಲ್ಲ ಕಣೋ, ನಿಜ ಹೇಳು. ನಿನಗೆ ಬಂತಾ?"

ಲೊವೆಲ್ ಕೈಯಲ್ಲಿದ್ದ ಮುಚ್ಚಳ ಒರೆಸತೊಡಗಿದ. ಜಾಡಿ ಮೇಜಿನ ಸುತ್ತ ಹೋಯಿತು. ಪ್ರತಿಯೊಬ್ಬರೂ ಮೂಸಿ, ಪಕ್ಕದವನ ಮುಖ ನೋಡಿ, ಮುಂದಕ್ಕೆ ಕೊಟ್ಟರು. ಕೊರಿನ್‌ಳ ಮುಖ ಸಪ್ಪಗಾಯಿತು.

"ಥೋರಾ, ನೀವು ನೋಡಿ," ಎಂದ ಮರ್ಲ್. "ನೀವು ಪೈಪ್ ಸೇದೋರಲ್ಲ, ನಿಮ್ಮ ಮೂಗು ಇನ್ನೂ ಕೆಟ್ಟಿರಲ್ಲ."

ಅವಳು ಕಾಫಿ ಕೆಟಲನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಜಾಡಿ ಎತ್ತಿದಳು. ಗಾಜು, ಧೂಳು, ಒಣಹುಲ್ಲು. ಎಲ್ಲರೂ ಕಾಯುತ್ತಿದ್ದರು.

"ತಳದಲ್ಲಿದೆ," ಎಂದಳು. "ಅವಸರ ಮಾಡಿದ್ರೆ ಸಿಗಲ್ಲ. ಮೊದಲು ಹುಲ್ಲು. ಆಮೇಲೆ ತುಂಬ ದೂರದಲ್ಲಿ ಯಾರೋ ಪಾಕ ಕಾಯಿಸಿ, ಒಲೆ ಆರಿಸಿ, ಮಲಗೋಕೆ ಹೋಗಿದಾರೆ."

ಲೊವೆಲ್ ಜಾಡಿಯನ್ನು ಮತ್ತೆ ಇಸಿದುಕೊಂಡು ಈ ಸಲ ನಿಧಾನವಾಗಿ ಉಸಿರೆಳೆದ. "ಹೌದು," ಎಂದ. "ಒಲೆ ಆರಿಸಿದಾರೆ."

*

ಅಡುಗೆಕೋಣೆಯಲ್ಲಿ ಥೋರಾ ತಟ್ಟೆ ತೊಳೆಯುತ್ತಿದ್ದಾಗ ಕೊರಿನ್ ಬಂದು ಬಾಗಿಲು ಎಳೆದುಕೊಂಡಳು.

"ಇದೊಂದು ಪುಟ ನಾನು ಅಲ್ಲಿ ಓದಲಿಲ್ಲ. ಇದರಲ್ಲಿ ಬರೋ ಥೋರಾ ನೀವೇ ಅಲ್ವಾ?"

ಥೋರಾಳ ಕೈ ಒದ್ದೆಯಾಗಿತ್ತು. ಕೊರಿನ್ ನೋಟ್‌ಬುಕ್ ಅನ್ನು ಅವಳ ಕಣ್ಣಳತೆಗೆ ಹಿಡಿದಳು.

'ಅಕ್ಟೋಬರ್, ಹನ್ನೊಂದನೇ ಜಾಡಿ. ಥೋರಾ ಹೇಳಿದ್ದು: ಮಗುವಿನ ಸ್ವೆಟರು, ಒಲೆಯ ಹತ್ತಿರ ಒಣಗಲು ಹಾಕಿದ್ದು, ಕೊರಳಲ್ಲಿ ಪಾಕದ ಕಲೆ. ಈ ಮಿಶ್ರಣ ಮೂರನೇ ವರ್ಷಕ್ಕೇ ಸತ್ತಿದೆ ಎಂದು ನಾಲ್ಕು ಗಿರಾಕಿಗಳು ಆಗಲೇ ಕಾಗದ ಬರೆದಿದ್ದರು. ಥೋರಾಗೆ ಇದು ತಿಳಿಯಕೂಡದು. ತಿಳಿದರೆ ಮುಂದಿನ ವರ್ಷ ಅವಳು ನಿಜ ಹೇಳಿಬಿಡುತ್ತಾಳೆ.'

ಆ ನಾಲ್ಕು ಕಾಗದಗಳನ್ನು ವಿಂಗಡಿಸಿ ಅವನ ಅಂಚೆಪೆಟ್ಟಿಗೆಗೆ ಹಾಕಿದ್ದವಳು ಅವಳೇ.

'ಅವಳು' ಎಂದು ಬರೆದಿದ್ದ. 'ಅವರು' ಎಂದಲ್ಲ. ಆ ಒಂದು ಮಾತನ್ನು ಅವಳು ಎರಡು ಸಲ ಓದಿದಳು.

"ಇದು ನಿಮ್ಮ ಹತ್ತಿರಾನೇ ಇರಲಿ," ಎಂದಳು ಕೊರಿನ್.

"ಬೇಡಮ್ಮ. ಅವರೆಲ್ಲ ಇನ್ನೊಂದ್ಸಲ ಓದು ಅಂತಾರೆ. ಇದೊಂದು ಪುಟ ಬಿಟ್ಟು ಓದು."

ಉಳಿದ ತಟ್ಟೆಗಳನ್ನೂ ತೊಳೆದು, ಒರೆಸಿ ಜೋಡಿಸಿ, ಅವಳು ಹಿಂಬಾಗಿಲಿನಿಂದ ಹೊರಗೆ ಬಂದಳು. ಮೂರು ಗಂಟೆ, ನವೆಂಬರಿನ ಬಿಸಿಲು ಆಗಲೇ ಓರೆಯಾಗಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ನದಿಯ ಕಡೆಯಿಂದ ಗಾಳಿ ಬೀಸಿತು. ಅವಳು ಕಾಲುದಾರಿಯ ನಡುವೆ ನಿಂತು ಮುಖವೆತ್ತಿದಳು.

"ಯಾರೋ ಎಲೆ ಸುಡ್ತಿದಾರೆ," ಎಂದು ಮೆಲ್ಲಗೆ ಹೇಳಿದಳು. "ಓಕ್ ಎಲೆ. ಇನ್ನೂ ಸ್ವಲ್ಪ ಹಸಿ ಇದೆ."

ಹೇಳಿ, ಪಕ್ಕದಲ್ಲಿ ಪೆನ್ಸಿಲ್ ಹಿಡಿದು ನಿಂತವರಿಗೆ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿದ್ದಳು.