ಸುಲೈಮಾನಿಯ ಸಕ್ಕರೆ

ಫೆಲಿಕ್ಸ್ ಎದುರಿಗೆ ಕೂತರೆ ದುಬೈನ ಕರಾಮದ ಆ ಹಳೇ ಕಟ್ಟಡದವರು ಯಾರೂ ನೆಮ್ಮದಿಯಾಗಿ ಒಂದು ಲೋಟ ಶರಬತ್ತು ಕುಡಿಯುವಂತಿರಲಿಲ್ಲ. ಅಲ್ ಕೋಝ್‌ನ ಹಣ್ಣಿನ ರಸದ ಕಾರ್ಖಾನೆಯೊಂದರಲ್ಲಿ ಅವನು ಲ್ಯಾಬಿನ ಮುಖ್ಯಸ್ಥ. ಅಲ್ಲಿದ್ದ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಿ, ಮೇಲಿನ ಕೊಳವೆಗೆ ಕಣ್ಣಿಟ್ಟರೆ ಸಾಕು, ಅದರಲ್ಲಿ ಸಕ್ಕರೆ ನೂರಕ್ಕೆ ಎಷ್ಟು ಪಾಲು ಎಂದು ತಿಳಿಯುತ್ತಿತ್ತು. ಸಕ್ಕರೆ ಹೆಚ್ಚಿದಷ್ಟೂ ಆ ಹನಿಯೊಳಗೆ ಬೆಳಕು ಹೆಚ್ಚು ಬಾಗುತ್ತದೆ ಎಂದು ಫೆಲಿಕ್ಸ್ ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದ. ಒಮ್ಮೆ ತನ್ನ ಹೆಂಡತಿ ಬೆಟ್ಟಿ ಮಾಡಿದ ಪಾಯಸದ ರಸವನ್ನು ಸಣ್ಣ ಶೀಶೆಯಲ್ಲಿ ಲ್ಯಾಬಿಗೆ ಒಯ್ದು, ಸಂಜೆ ಬಂದು ಅಂಕಿ ಹೇಳಿದ್ದಕ್ಕೆ ಆಕೆ ಒಂದು ವಾರ ಪಾಯಸದ ಮಾತೇ ಎತ್ತಿರಲಿಲ್ಲ.

ಈ ಕೀರ್ತಿ ಎದುರು ಫ್ಲ್ಯಾಟಿನ ಗಂಗವ್ವನ ಕಿವಿಗೂ ಬಿದ್ದಿತ್ತು. ಆಕೆಯ ಗಂಡ ಹೊನ್ನಪ್ಪ ಬಾಗಲಕೋಟೆ ಕಡೆಯ ಎಂಜಿನಿಯರು, ದುಬೈಗೆ ಬಂದು ಬಹಳ ವರ್ಷವಾದ ಮನುಷ್ಯ. ಆ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಡಾಕ್ಟರು ಅವನಿಗೆ ಸಕ್ಕರೆ ಕಾಯಿಲೆ ಎಂದರು. ಅಂದಿನಿಂದ ಗಂಗವ್ವ ಮನೆಯ ಸಕ್ಕರೆ ಡಬ್ಬಿಗೆ ಗಡೀಪಾರಿನ ಶಿಕ್ಷೆ ಕೊಟ್ಟಳು. ಅನ್ನ ಅಳತೆಯ ಮೇಲೆ, ಮಾವಿನಹಣ್ಣು ಬರೀ ನೋಡುವುದಕ್ಕೆ. ಇಷ್ಟಾದರೂ ಪ್ರತಿ ಸಲ ರಕ್ತ ಕೊಟ್ಟು ಬಂದಾಗಲೂ ರಿಪೋರ್ಟು ಮೇಲೇ ಏರುತ್ತಿತ್ತು. ಗಂಗವ್ವನಿಗೆ ಉಳಿದ ಅನುಮಾನ ಒಂದೇ. ಆಫೀಸಿನಿಂದ ಬರುವಾಗ ಗಂಡ ಕೆಳಗಿನ ಶುಕೂರನ ಕೆಫೆಟೇರಿಯಾದಲ್ಲಿ ದಿನಾ ಒಂದು ಸುಲೈಮಾನಿ ಕುಡಿಯುತ್ತಿದ್ದ. ಸಕ್ಕರೆಯಿಲ್ಲದ ಕರೀ ಚಹಾ ಎಂದು ಅವನ ವಾದ.

ಒಂದು ಬೆಳಿಗ್ಗೆ ಫೆಲಿಕ್ಸ್ ಮೂಗು ಒರೆಸಿಕೊಳ್ಳುತ್ತ ಬಾಗಿಲು ತೆಗೆದರೆ ಗಂಗವ್ವ ನಿಂತಿದ್ದಳು. ಕೈಯಲ್ಲಿ ಎರಡು ಹಳೇ ಗುಲಾಬಿ ನೀರಿನ ಬಾಟಲಿ. ಈಗ ಅವುಗಳಲ್ಲಿ ಕಂದು ಬಣ್ಣದ ಏನೋ ತುಂಬಿತ್ತು.

"ಫೆಲಿಕ್ಸ್ ತಮ್ಮಾ, ಒಂದರಾಗ ಶುಕೂರನ ಚಾ ಅದ. ನಿನ್ನಿ ಸಂಜೀಕ ನಮ್ಮವರ ಕೈಯಾಗಿನ ಗ್ಲಾಸ್ ಕಸ್ಕೊಂಡು ತಂದೀನಿ. ನಿಮ್ಮ ಮಷೀನಿಗೆ ಹಾಕಿ ನೋಡು. ಇನ್ನೊಂದರಾಗ ಕಷಾಯ ಅದ, ನಿನ್ನ ನೆಗಡಿಗೆ. ಕಾಸಿ ಕುಡಿ. ಕೆಂಪು ದಾರ ಕಟ್ಟಿದ್ದು ಚಾ, ನೆನಪಿಡು."

ಫೆಲಿಕ್ಸ್ ಸೀನಿದ. ಸೀನಿನಲ್ಲಿ ಕೊನೆಯ ಮಾತು ಹಾರಿಹೋಯಿತು.

ಲ್ಯಾಬಿಗೆ ಹೋಗಿ ಎರಡು ಬಾಟಲಿಯನ್ನೂ ಮೇಜಿನ ಮೇಲಿಟ್ಟು ಯೋಚಿಸಿದ. ಮೂಸಿ ನೋಡಿದ. ಮೂಗು ಕಟ್ಟಿದ್ದರಿಂದ ಎರಡೂ ಒಂದೇ. ಕೆಂಪು ದಾರ ಯಾವುದಕ್ಕೆಂದಳು? ಗಂಗವ್ವ ದೇವರ ಪ್ರಸಾದಕ್ಕೂ ಮಕ್ಕಳ ಕೈಗೂ ಕೆಂಪು ದಾರ ಕಟ್ಟುವ ಹೆಂಗಸು, ಔಷಧಕ್ಕೇ ಕಟ್ಟಿರಬೇಕು ಎಂದು ತೀರ್ಮಾನಿಸಿ ದಾರದ ಬಾಟಲಿಯದನ್ನು ಬಿಸಿ ಮಾಡಿ ಗಟಗಟನೆ ಕುಡಿದ. ಇನ್ನೊಂದನ್ನು ಸೋಸಿ, ಎರಡು ಹನಿ ಗಾಜಿನ ಮೇಲೆ ಬಿಟ್ಟು, ಕಣ್ಣಿಟ್ಟು ತಿರುಪು ತಿರುಗಿಸಿದ. ಬೆಳಕೂ ಕತ್ತಲೂ ಸೇರುವ ಗೆರೆ ಹದಿನಾಲ್ಕರ ಮೇಲೆ ಬಂದು ನಿಂತಿತು. ಫೆಲಿಕ್ಸ್ ಬೆಚ್ಚಿದ. ಅಂಗಡಿಯ ಕೋಲಾದಲ್ಲೂ ಇಷ್ಟು ಇರುವುದಿಲ್ಲ! ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟ.

ಸಂಜೆ ಬೆಟ್ಟಿ, "ಕಷಾಯ ಹೇಗಿತ್ತು?" ಎಂದು ಕೇಳಿದಳು.

"ಎಂತ ರುಚಿಯೂ ಗೊತ್ತಾಗ್ಲಿಲ್ಲ ಮಾರಾಯ್ತಿ. ಬಿಸಿನೀರು ಕುಡಿದ ಹಾಗೆ. ಆದ್ರೆ ಶುಕೂರನ ಚಾ ಉಂಟಲ್ಲ, ಅದು ಚಾ ಅಲ್ಲ, ಪಾಕ!"

"ನೀವು ಅದನ್ನು ಗಂಗಕ್ಕನಿಗೆ ಹೇಳ್ಬೇಡಿ. ಹೊನ್ನಪ್ಪಣ್ಣನ ಹತ್ರ ಮೆಲ್ಲ ಹೇಳಿ ಸಾಕು."

ಬೆಟ್ಟಿಯ ಮಾತು ಮುಗಿಯುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಂದವಳು ಗಂಗವ್ವನೇ. ಸುಳ್ಳು ಹೇಳುವ ಕಲೆ ಫೆಲಿಕ್ಸ್‌ಗೆ ಒಲಿದಿರಲಿಲ್ಲ. ಹದಿನಾಲ್ಕು ಎಂದುಬಿಟ್ಟ. ಒಂದು ಗ್ಲಾಸಿಗೆ ಎಷ್ಟು ಚಮಚೆಯಾಯಿತು ಎಂದು ಆಕೆ ಕೇಳಿದಳು. ನಾಲ್ಕೈದು ಎಂದ. ಗಂಗವ್ವ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಸಾಕ್ಷಿಗೆಂದು ಫೆಲಿಕ್ಸ್‌ನನ್ನೂ ಎಳೆದುಕೊಂಡೇ ಹೋದಳು.

ಕೆಫೆಟೇರಿಯಾದಲ್ಲಿ ಹೊನ್ನಪ್ಪ ಸುಲೈಮಾನಿಯ ಗ್ಲಾಸನ್ನು ತುಟಿಗಿಡುತ್ತಿದ್ದ. ಹೆಂಡತಿಯನ್ನು ಕಂಡು ಕೈ ಅಲ್ಲೇ ನಿಂತಿತು.

"ಏನ್ರೀ ಶುಕೂರಣ್ಣ, ನಿಮಗ ಅಕ್ಕ-ತಂಗೇರು ಇಲ್ಲೇನು? ನನ್ನ ಗಂಡಗ ದಿನಾ ಪಾಕ ಕುಡಸ್ತೀರಲ್ಲ!"

ಉಳ್ಳಾಲದ ಶುಕೂರ್ ಚಮಚ ಕೆಳಗಿಟ್ಟ. ಅವನ ಅಂಗಡಿಯ ಮೇಲೆ ಈವರೆಗೆ ಬಂದ ದೊಡ್ಡ ದೂರು ಎಂದರೆ ಪರೋಟ ದಪ್ಪವಾಯಿತು ಎಂಬುದು. "ಎಂತ ಅಕ್ಕ ನೀವು ಹೇಳುದು? ಅಲ್ಲಾಹನಾಣೆ, ಇವರ ಚಾಕ್ಕೆ ನಾನು ಒಂದು ಕಾಳು ಸಕ್ಕರೆ ಹಾಕ್ಲಿಲ್ಲ. ಬೇಕಾದ್ರೆ ಕುಡಿದು ನೋಡಿ."

ಗಂಗವ್ವ ಗಂಡನ ಗ್ಲಾಸನ್ನೇ ತೆಗೆದು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇವತ್ತ ಹಾಕಿಲ್ಲ. ನಾ ಬರೋದು ನೋಡೀರಿ ನೀವು."

"ಮಷೀನ್ ಸುಳ್ಳು ಹೇಳುದಿಲ್ಲ," ಎಂದು ಫೆಲಿಕ್ಸ್ ಮೆಲ್ಲಗೆ ಹೇಳಿದ. ಹಾಗೆ ಹೇಳಬಾರದಿತ್ತು ಎಂದು ಕೂಡಲೇ ಅನಿಸಿತು. ಶುಕೂರ್ ಏಪ್ರನ್ ಬಿಚ್ಚಿ ಕೌಂಟರಿನ ಮೇಲೆ ಎಸೆದ.

"ಹಾಗಾದ್ರೆ ನನ್ನ ಕಣ್ಣೆದುರೇ ಆ ಮಷೀನಿಗೆ ಹಾಕಿ. ನಾಡಿದ್ದು ಗುರುವಾರ ನಿಮಗೆ ಅರ್ಧ ದಿನ ಅಲ್ವಾ? ನಾನೇ ಚಾ ಮಾಡಿ ತರ್ತೇನೆ. ಯಲ್ಲಾ, ಖಲಾಸ್!"

ಗುರುವಾರ ಮಧ್ಯಾಹ್ನ ಹೊನ್ನಪ್ಪನ ಕಾರಿನಲ್ಲಿ ಎಲ್ಲರೂ ಅಲ್ ಕೋಝ್‌ಗೆ ಹೊರಟರು. ಮುಂದೆ ಹೊನ್ನಪ್ಪ ರಸ್ತೆ ನೋಡುತ್ತ, ಗಂಗವ್ವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಹಿಂದೆ ಶುಕೂರ್ ಫ್ಲಾಸ್ಕನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತ ಫೆಲಿಕ್ಸ್‌ನ ನೆಗಡಿ ಬಿಟ್ಟಿತ್ತು, ಫ್ಲಾಸ್ಕಿನಿಂದ ಬರುತ್ತಿದ್ದ ನಿಂಬೆಯ ಪರಿಮಳ ಅವನಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಇಷ್ಟು ದಿನ ಸ್ನೇಹದಿಂದಿದ್ದವರನ್ನು ಒಂದು ಅಂಕಿ ಹೀಗೆ ಕೂರಿಸಿಬಿಟ್ಟಿತಲ್ಲ ಎಂದುಕೊಂಡ.

ಲ್ಯಾಬಿನಲ್ಲಿ ಫೆಲಿಕ್ಸ್ ಗಾಜನ್ನು ತೊಳೆದು ಒರೆಸಿದ. ಮೊದಲು ಶುದ್ಧ ನೀರು ಬಿಟ್ಟು ಗೆರೆ ಸೊನ್ನೆಗೆ ಬರುವುದನ್ನು ಎಲ್ಲರಿಗೂ ತೋರಿಸಿದ. ಚಹಾ ತಣ್ಣಗಾದ ಮೇಲೆ ಎರಡು ಹನಿ ಬಿಟ್ಟ. ಗೆರೆ ಸೊನ್ನೆಯಿಂದ ಒಂದು ಕೂದಲೆಳೆಯಷ್ಟು ಮೇಲೆ ಹೋಗಿ ನಿಂತಿತು.

"ಎಷ್ಟು?" ಎಂದ ಶುಕೂರ್.

"ಏನೂ ಇಲ್ಲ."

"ಇದು ಇವತ್ತಿನ ಚಾ," ಎಂದಳು ಗಂಗವ್ವ. "ಆ ದಿನದ್ದು ಎಲ್ಲದ? ಅದನ್ನ ಇವರಿಗೂ ತೋರಸು."

ಫೆಲಿಕ್ಸ್ ಫ್ರಿಜ್ಜಿನಿಂದ ಗುಲಾಬಿ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ಮೆಂತ್ಯ, ಕೊತ್ತಂಬರಿ, ಜೀರಿಗೆ! ವಾಸನೆ ಮೂಗಿಗೆ ಬಡಿದದ್ದೇ ತಡ, ಅವನ ಕಿವಿ ಬಿಸಿಯಾಯಿತು. ಲ್ಯಾಬಿನಲ್ಲಿ ಹೆಸರು ಬರೆಯದ ಒಂದು ಶೀಶೆ ಕಂಡರೂ ಕೆಲಸದವರ ಮೇಲೆ ಹರಿಹಾಯುವ ಮನುಷ್ಯ ಅವನು. ಬಾಟಲಿಯನ್ನು ಬಚ್ಚಿಡಲೂ ಆಗದೆ, ಮುಂದೆ ಚಾಚಲೂ ಆಗದೆ ನಿಂತ.

"ಅಕ್ಕ... ಕೆಂಪು ದಾರ ಯಾವುದಕ್ಕೆ ಕಟ್ಟಿದ್ರಿ?"

"ಚಾಕ್ಕ. ಹೇಳಿದ್ದೆನಲ್ಲ."

"ನಾನು ಅದನ್ನು ಕುಡಿದೆ."

ಗಂಗವ್ವ ಬಾಟಲಿ ಕಸಿದುಕೊಂಡು ಮೂಸಿದಳು. "ಅಯ್ಯ, ಇದು ನನ್ನ ಕಷಾಯ! ನಮ್ಮವರಿಗೆ ಮುಂಜಾನಿ ಸಂಜೀಕ ಮಾಡಿಕೊಡೋದು. ಇದರಾಗ ಸಕ್ಕರಿ ಎಲ್ಲಿಂದ ಬಂತು? ಒಂದು ಹಳ್ಳು ಹಾಕಿಲ್ಲ ನಾನು."

"ಮತ್ತೆ ಎಂತ ಹಾಕಿದ್ರಿ?"

"ಮೆಂತ್ಯ ಕಹಿ ಇರ್ತದಂತ ಸ್ವಲ್ಪ ಖರ್ಜೂರದ ಪಾಕ ಹಾಕೀನಿ. ಅದು ಹಣ್ಣಿಂದ ಅಲ್ಲೇನು? ಇಲ್ಲಿ ಅರಬ್ರು ಅದನ್ನ ಔಷಧದಂಗ ತಿಂತಾರ."

ಸಕ್ಕರೆ ಕಬ್ಬಿನಿಂದ ಬಂತೋ ಖರ್ಜೂರದಿಂದ ಬಂತೋ ಈ ಮಷೀನು ಕೇಳುವುದಿಲ್ಲ, ಹೊನ್ನಪ್ಪಣ್ಣನ ರಕ್ತವೂ ಕೇಳುವುದಿಲ್ಲ ಎಂದು ಫೆಲಿಕ್ಸ್ ಆದಷ್ಟು ಮೆತ್ತಗೆ ಹೇಳಿದ. ಮತ್ತೆ ಎರಡು ಹನಿ ಬಿಟ್ಟು ಆಕೆಯನ್ನೇ ಕರೆದ. ಗಂಗವ್ವ ಒಂದು ಕಣ್ಣು ಅಂಗೈಯಿಂದ ಮುಚ್ಚಿ ಇನ್ನೊಂದನ್ನು ಕೊಳವೆಗೆ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಗಂಡನ ಕಡೆ ತಿರುಗಿದಳು.

"ರೀ, ಕುಡಿಯೋ ಮುಂದ ಇಷ್ಟು ಸಿಹಿ ಅದ ಅಂತ ನೀವ್ಯಾಕ ಒಂದು ಮಾತು ಹೇಳಲಿಲ್ಲ?"

ಹೊನ್ನಪ್ಪ ಲ್ಯಾಬಿನ ಛಾವಣಿ ನೋಡಿದ. "ಔಷಧ ಅಂತ ಕೊಟ್ಟಿ. ಹೆಂಡ್ತಿ ಪ್ರೀತಿಲೆ ಕೊಟ್ಟ ಔಷಧ ಬ್ಯಾಡ ಅನ್ನಾಕ ಬರತದೇನು? ಇನ್ನೊಂದು ಲೋಟ ಕೊಡು ಅಂತ ಕೇಳೇನಿ, ಅದೂ ಖರೇ."

ಮೊದಲು ನಕ್ಕವನು ಶುಕೂರ್. ಫ್ಲಾಸ್ಕ್ ಅಲುಗಾಡುವಷ್ಟು ನಕ್ಕ. ಗಂಗವ್ವ ಸ್ವಲ್ಪ ಹೊತ್ತು ಬಿಗಿಯಾಗಿ ನಿಂತಿದ್ದು, ಕೊನೆಗೆ ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಫೆಲಿಕ್ಸ್‌ಗೆ ಹೋದ ಜೀವ ಬಂದಂತಾಯಿತು.

ಮರುದಿನದಿಂದ ಕಷಾಯ ಕಹಿಯಾಯಿತು. ಹೊನ್ನಪ್ಪನ ರಿಪೋರ್ಟು ಮುಂದಿನ ಸಲ ಇಳಿಯಿತು, ಅದರ ಮುಂದಿನ ಸಲ ಇನ್ನಷ್ಟು ಇಳಿಯಿತು. ಉಳಿದ ಖರ್ಜೂರದ ಪಾಕದ ಡಬ್ಬಿ ಬೆಟ್ಟಿಯ ಮನೆಗೆ ಬಂತು. ಅದನ್ನು ಲ್ಯಾಬಿಗೆ ಒಯ್ಯಕೂಡದು ಎಂದು ಬೆಟ್ಟಿ ಗಂಡನಿಂದ ಆಣೆ ಹಾಕಿಸಿಕೊಂಡಳು.

ಇದೆಲ್ಲಕ್ಕೂ ಮೊದಲು, ಲ್ಯಾಬಿನಿಂದ ಬಂದ ಮರುದಿನ ಶುಕ್ರವಾರ ಸಂಜೆಯೇ ಗಂಗವ್ವ ಗಂಡನ ಜೊತೆ ಕೆಫೆಟೇರಿಯಾಕ್ಕೆ ಹೋಗಿದ್ದಳು. "ತಪ್ಪಾತು ಶುಕೂರಣ್ಣ," ಎಂದಳು, ಇಡೀ ಅಂಗಡಿಗೆ ಕೇಳುವ ಹಾಗೆ.

"ಹೋಗ್ಲಿ ಬಿಡಿ ಅಕ್ಕ. ಕೂತ್ಕೊಳ್ಳಿ, ನನ್ನ ಕೈಯ ಒಂದು ಚಾ ಕುಡಿದೇ ಹೋಗ್ಬೇಕು. ನಿಮಗೆ ಸಕ್ಕರೆ?"

"ಮೂರು ಚಮಚೆ ಹಾಕ್ರಿ," ಎಂದು ಗಂಗವ್ವ ಕುರ್ಚಿ ಎಳೆದುಕೊಂಡಳು. "ಸಕ್ಕರಿ ಬ್ಯಾನಿ ಇರೋದು ಅವರಿಗೆ, ನನಗಲ್ಲ."

ಹೊನ್ನಪ್ಪ ತನ್ನ ಸಪ್ಪೆ ಸುಲೈಮಾನಿ ಹಿಡಿದು, ಹೆಂಡತಿಯ ಗ್ಲಾಸಿನಲ್ಲಿ ಚಮಚ ತಿರುಗುವುದನ್ನೇ ನೋಡುತ್ತ ಕೂತ.