ಒಣಮರಳಿನ ಡಬ್ಬಿ

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಬೆಂಕಿಯಪ್ಪ ಎಂಜಿನ್ನಿನ ಹೊಟ್ಟೆಯೊಳಗಿದ್ದ. ಹೊಟ್ಟೆ ಎಂದರೆ ಕಲ್ಲಿದ್ದಲು ಉರಿಯುವ ಗೂಡು. ತಣ್ಣಗಾದ ಗೂಡಿನಲ್ಲಿ ಮಂಡಿಯೂರಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೂಲೆಗಳಲ್ಲಿ ಅಂಟಿದ್ದ ಕಿಟ್ಟವನ್ನು ಕೆರೆದು ತೆಗೆಯುತ್ತಿದ್ದ. ಗೂಡಿನ ಬಾಯಲ್ಲಿ ಅಣ್ಣನ ಮಗಳ ಮುಖ ಕಾಣಿಸಿತು. ಅವಳು ಅದೇ ರೈಲು ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸದವಳು, ನಲವತ್ತು ದಾಟಿದವಳು. ಕಪ್ಪು ಕನ್ನಡಕ ಹಣೆಯ ಮೇಲೇ ಇತ್ತು.

“ಚಿಕ್ಕಪ್ಪ, ಹೊರಗೆ ಬನ್ನಿ.”

“ಇನ್ನೊಂದು ಮೂಲೆ ಇದೆ ಕಣಮ್ಮ.”

“ಮೂಲೆ ಹಾಗೇ ಇರಲಿ. ಬನ್ನಿ.”

ಆಗಲೇ ಅವನಿಗೆ ತಿಳಿದುಹೋಯಿತು. ಮೂಲೆ ಹಾಗೇ ಇರಲಿ ಎಂಬ ಮಾತು ಆ ಮನೆತನದಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ.

ಅಣ್ಣ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿದ್ದ. ಉಂಡು, ಅಡುಗೆಮನೆಯ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಮರಳು ಜರಡಿ ಹಿಡಿಯುತ್ತಿದ್ದ. ಅತ್ತಿಗೆ ಪಾತ್ರೆ ತೊಳೆದು ತಿರುಗುವಷ್ಟರಲ್ಲಿ ಜರಡಿ ತೊಡೆಯ ಮೇಲೆ ನಿಂತಿತ್ತು, ಮರಳು ನೆಲಕ್ಕೆ ಸುರಿದಿತ್ತು, ತಲೆ ಎದೆಗೆ ಬಾಗಿತ್ತು. ಪುಣ್ಯವಂತರ ಸಾವು ಎಂದು ಬಂದವರೆಲ್ಲ ಹೇಳಿದರು. ಬೆಂಕಿಯಪ್ಪನೂ ಕೈಮುಗಿದು ಹಾಗೆಯೇ ಹೇಳಿಕೊಂಡ. ಆದರೆ ಅಣ್ಣ ಬಲಗಡೆ ಚಾಲಕನಾಗಿ, ತಾನು ಎಡಗಡೆ ಬೆಂಕಿ ಹಾಕುವವನಾಗಿ, ಒಂದೇ ಎಂಜಿನ್ನಿನ ಮೇಲೆ ಒಂದು ಆಯುಷ್ಯ ಕಳೆದವನಿಗೆ ಬಲಗಡೆ ಬರಿದಾಯಿತು ಎಂದು ಒಪ್ಪಿಸುವುದು ದೇವರಿಗೂ ಸುಲಭವಿರಲಿಲ್ಲ.

ಈ ಮರಳಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಏರಿನಲ್ಲಿ ಹಳಿ ಒದ್ದೆಯಾಗಿದ್ದರೆ, ಎಲೆ ಬಿದ್ದು ಜಿಡ್ಡಾಗಿದ್ದರೆ, ಎಂಜಿನ್ನಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಗಾಡಿ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಅದಕ್ಕಾಗಿ ಎಂಜಿನ್ನಿನ ಬೆನ್ನ ಮೇಲೆ ಒಂದು ಮರಳಿನ ಪೆಟ್ಟಿಗೆ ಇರುತ್ತದೆ. ಚಾಲಕ ಹಿಡಿ ಎಳೆದರೆ ಮರಳು ಕೊಳವೆಯಲ್ಲಿ ಇಳಿದು ಚಕ್ರದ ಮುಂದೆ ಹಳಿಯ ಮೇಲೆ ಬೀಳುತ್ತದೆ, ಚಕ್ರ ಕಚ್ಚಿಕೊಳ್ಳುತ್ತದೆ. ಆ ಮರಳು ಹುಡಿಹುಡಿಯಾಗಿ ಒಣಗಿರಬೇಕು. ಬಹಳ ಹಿಂದೆ ಒಬ್ಬ ಫಿಟ್ಟರ್ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು ಮರೆತ. ಮಳೆ ಬಂತು, ಮರಳು ಮುದ್ದೆಯಾಯಿತು, ತುಂಬಿದ ಗಾಡಿ ಅರ್ಧ ಗುಡ್ಡದಿಂದ ತಲೆ ತಗ್ಗಿಸಿಕೊಂಡು ಹಿಂದಕ್ಕೆ ಇಳಿಯಿತು. ಅಂದಿನಿಂದ ಅಣ್ಣ ಒಂದು ಕಟ್ಟುಪಾಡು ಮಾಡಿದ: ಆ ಮುಚ್ಚಳ ತೆರೆಯುವವನು ತಾನೊಬ್ಬನೇ. ಮರಳನ್ನು ಮನೆಗೆ ತಂದು, ತಾನೇ ಜರಡಿ ಹಿಡಿದು, ಒಲೆಯ ಮೇಲೆ ಹುರಿದು, ದೊಡ್ಡದೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ಒಯ್ಯುತ್ತಿದ್ದ. ಈ ಮನೆಯಲ್ಲಿ ಅಡುಗೆಗಿಂತ ಮರಳೇ ಹದವಾಗಿ ಬೇಯುತ್ತದೆ ಎಂದು ಅತ್ತಿಗೆ ಕಂಡವರೆದುರೆಲ್ಲ ಹಂಗಿಸುತ್ತಿದ್ದಳು.

ಎಂಜಿನ್ನನ್ನು ಎಲ್ಲರೂ ಮುದುಕಿ ಎನ್ನುತ್ತಿದ್ದರು. ಡೀಸೆಲ್ ಬಂದ ಮೇಲೆ ಅದನ್ನು ಶೆಡ್ಡಿನ ಹಿಂದೆ ತಳ್ಳಿದ್ದರು. ಮೈಮೇಲೆ ಬಳ್ಳಿ ಹಬ್ಬಿತ್ತು, ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ನಿವೃತ್ತರಾದ ಅಣ್ಣತಮ್ಮಂದಿರು, ರಜಾದಿನಗಳಲ್ಲಿ ಮಗಳು, ಮೂವರೂ ಸೇರಿ ಹನ್ನೊಂದು ವರ್ಷ ಅದಕ್ಕೆ ಜೀವ ಕೊಡಲು ಹೆಣಗಿದ್ದರು. ಈಗ ಅದರ ಮೊದಲ ವಿಹಾರದ ಪಯಣಕ್ಕೆ ದಿನ ಗೊತ್ತಾಗಿತ್ತು. ಮೂರು ಬೋಗಿ, ಇನ್ನೂರು ಜನ, ಬೆಳಿಗ್ಗೆ ಹೊರಟು ಗುಡ್ಡದ ತುದಿಯಲ್ಲಿ ಊಟ, ಸಂಜೆಗೆ ವಾಪಸು. ಅದೇ ಗಾಡಿಯಲ್ಲಿ ಪರೀಕ್ಷೆಯ ಅಧಿಕಾರಿಯೂ ಬರುವವರಿದ್ದರು. ಮೂರು ಬೋಗಿಗಳನ್ನು ಮುದುಕಿ ಯಾರ ನೆರವೂ ಇಲ್ಲದೆ ತುದಿಗೆ ಎಳೆದರೆ ಹತ್ತು ವರ್ಷ ಓಡಲು ಅಪ್ಪಣೆ. ಹಿಂದಿನಿಂದ ಡೀಸೆಲ್ ಬಂದು ತಳ್ಳಬೇಕಾದರೆ ಬಾಯ್ಲರಿನ ನೀರು ಬಸಿದು, ನಿಲ್ದಾಣದ ಬಾಗಿಲಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಬೊಂಬೆಯ ಹಾಗೆ ನಿಲ್ಲಿಸುವುದು.

ಸಾವಾಗಿ ಹತ್ತು ದಿನವೂ ಆಗಿರಲಿಲ್ಲ. ಮುಂದೂಡೋಣ ಎಂದರು ಕೆಲವರು. ಮುಂದೂಡಿದರೆ ಅಧಿಕಾರಿ ಮತ್ತೆ ಬರುವುದು ಯಾವ ಕಾಲಕ್ಕೋ ಎಂದರು ಇನ್ನು ಕೆಲವರು. ಚಾಲಕನ ಪರವಾನಗಿ ಬೆಂಕಿಯಪ್ಪನಲ್ಲೂ ಇತ್ತು. ಆದರೆ ಗುಡ್ಡದ ಏರಿನಲ್ಲಿ ಒಂದು ದಿನವೂ ಅಣ್ಣ ಅವನ ಕೈಗೆ ಎಂಜಿನ್ ಕೊಟ್ಟಿರಲಿಲ್ಲ. ಕೊನೆಗೆ ತೀರ್ಮಾನ ಹೇಳಿದವಳು ಅತ್ತಿಗೆ.

“ಹನ್ನೊಂದು ವರ್ಷ ಅವಳ ಮೈ ಒರೆಸಿ ಒರೆಸಿ ಸವೆದ್ರು ನಿಮ್ಮಣ್ಣ. ನನ್ನ ಸವತಿಯಾದ್ರೂ ಚಿಂತೆಯಿಲ್ಲ, ಅವಳು ಓಡಲಿ.”

ಹೊರಡುವ ದಿನ ನಸುಕಿನಲ್ಲೇ ಬೆಂಕಿಯಪ್ಪ ಶೆಡ್ಡಿಗೆ ಬಂದ. ಅಣ್ಣನ ವಸ್ತುಗಳನ್ನು ಶೆಡ್ಡಿನವರು ಯಾರೂ ಮುಟ್ಟಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಟೊಪ್ಪಿ, ಕಟ್ಟೆಯ ಮೇಲಿದ್ದ ಎಣ್ಣೆಬುರುಡೆ, ಸುತ್ತಿಟ್ಟ ಒರೆಸುಬಟ್ಟೆ, ಎಲ್ಲವೂ ಇದ್ದ ಹಾಗೇ ಇದ್ದವು. ಕಸ ಗುಡಿಸುವವಳು ಕೂಡ ಅವನ್ನು ಸರಿಸದೆ ಸುತ್ತಲೂ ಗುಡಿಸಿದ್ದಳು. ಬೆಂಕಿಯಪ್ಪ ತನ್ನ ಎಣ್ಣೆಬುರುಡೆಯಿಂದಲೇ ಕೀಲುಕೀಲಿಗೂ ಎಣ್ಣೆ ಬಿಟ್ಟ, ಬ್ರೇಕು ನೋಡಿದ, ನೀರಿನ ಮಟ್ಟ ನೋಡಿದ. ಏಣಿ ಹತ್ತಿ ಬೆನ್ನ ಮೇಲೆ ನಡೆದಾಗ ಮರಳಿನ ಪೆಟ್ಟಿಗೆ ಎದುರಾಯಿತು. ಕೈ ಮುಚ್ಚಳದ ತನಕ ಹೋಯಿತು, ಹಿಂದಕ್ಕೆ ಬಂತು. ಅದು ಅಣ್ಣನದು. ಪೆಟ್ಟಿಗೆಗೆ ನಮಸ್ಕಾರ ಮಾಡಿ ಇಳಿದ. ಚಿಕ್ಕಪ್ಪ ಎಲ್ಲಾ ನೋಡಿದಿರಾ ಎಂದು ಮಗಳು ಕೇಳಿದಾಗ, ನೋಡಿದೆ ಎಂದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಲೇ ಇಲ್ಲ.

ಮುದುಕಿ ಹೊರಟಾಗ ಊರಿಗೆ ಊರೇ ಕಿಟಕಿಗೆ ಬಂತು. ರೈಲುಗೇಟಿನಲ್ಲಿ ನಿಂತ ಬಸ್ಸಿನಿಂದ ಜನ ಇಳಿದು ಕೈಬೀಸಿದರು. ಒಣಗಲು ಹಾಕಿದ ಬಟ್ಟೆಯನ್ನು ಹೊಗೆಗೆ ಹೆದರಿ ಎತ್ತಿಕೊಂಡು ಓಡಿದ ಹೆಂಗಸೊಬ್ಬಳು ಅದೇ ಬಟ್ಟೆಯನ್ನು ಬೀಸುತ್ತ ನಿಂತಳು. ಮಗಳು ಸಲಿಕೆ ಹಿಡಿದಿದ್ದಳು. ಒಂದೇ ಸಲಕ್ಕೆ ರಾಶಿ ಹಾಕದೆ, ಮಗುವಿಗೆ ತುತ್ತಿಡುವ ಹಾಗೆ, ಹಿಂದಿನ ಮೂಲೆಗಳಿಗೆ ಸ್ವಲ್ಪ ಜಾಸ್ತಿ, ಮುಂದಕ್ಕೆ ತೆಳ್ಳಗೆ. ಚಿಕ್ಕಪ್ಪ ಕಲಿಸಿದ ಪಾಠ ಒಂದಿಷ್ಟೂ ತಪ್ಪಲಿಲ್ಲ. ಬೆಂಕಿಯಪ್ಪ ಬಲಗಡೆ ನಿಂತು, ಸ್ಟೀಮ್ ಬಿಡುವ ಉದ್ದನೆಯ ಹಿಡಿಯ ಮೇಲೆ ಕೈಯಿಟ್ಟು, ಕಣ್ಣನ್ನು ಒತ್ತಡ ತೋರುವ ಗೇಜಿನ ಮುಳ್ಳಿನಲ್ಲೇ ನೆಟ್ಟಿದ್ದ.

ಮೊದಲ ಬೋಗಿಯಲ್ಲಿ ಅತ್ತಿಗೆ ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಎದುರಿಗೆ ಪರೀಕ್ಷೆಯ ಅಧಿಕಾರಿ. ಎರಡು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುವ ಅವರಿಗೆ ಶೆಡ್ಡಿನವರು ಬೆಳಗಾಗುವಷ್ಟರಲ್ಲೇ ಗಡಿಯಾರದ ಸಾಹೇಬರು ಎಂದು ಹೆಸರಿಟ್ಟಿದ್ದರು. ಅವರ ಕಣ್ಣು ಗಡಿಯಾರದಿಂದ ಡಬ್ಬಿಗೆ, ಡಬ್ಬಿಯಿಂದ ಗಡಿಯಾರಕ್ಕೆ ಓಡಾಡುತ್ತಿತ್ತು. ಅತ್ತಿಗೆ ಮುಚ್ಚಳ ತೆರೆಯಲಿಲ್ಲ.

ಏಳನೆಯ ಮೈಲಿಗೆ ಏರು ಶುರುವಾಯಿತು. ಒಂಬತ್ತನೆಯ ಮೈಲಿಯ ತಿರುವು ಮರಗಳ ನೆರಳಿನಲ್ಲಿತ್ತು. ಹಳಿಯ ಮೇಲೆ ಹಣ್ಣೆಲೆ ಅರೆದು ಲೇಪ ಹಚ್ಚಿದಂತಾಗಿತ್ತು. ಅಲ್ಲಿಗೆ ಬರುತ್ತಲೇ ಮುದುಕಿ ಒಮ್ಮೆ ನಡುಗಿದಳು. ಚಕ್ರಗಳು ಗರ್ರನೆ ತಿರುಗಿದವು. ಬೆಂಕಿಯಪ್ಪ ಸ್ಟೀಮ್ ತಗ್ಗಿಸಿ ಮರಳಿನ ಹಿಡಿ ಎಳೆದ. ಇನ್ನೊಮ್ಮೆ ಎಳೆದ. ಚಕ್ರ ಮತ್ತೆ ಜಾರಿತು. ಗಾಡಿ ನಿಂತುಹೋಯಿತು.

ಅವನು ಬ್ರೇಕು ಬಿಗಿದು ಏಣಿ ಹತ್ತಿದ. ಈ ಸಲ ಮುಚ್ಚಳ ತೆರೆಯದೆ ವಿಧಿಯಿರಲಿಲ್ಲ. ಒಳಗೆ ಒಂದು ಕಾಳು ಮರಳೂ ಇರಲಿಲ್ಲ. ಹಳೆಯದನ್ನೆಲ್ಲ ಬಳಿದು, ತಳ ಒರೆಸಿ, ಮೂಲೆಗಳನ್ನು ಬ್ರಷ್ಷಿನಿಂದ ಉಜ್ಜಿ, ಆ ಬ್ರಷ್ಷನ್ನು ಮಡಿಸಿದ ಬಟ್ಟೆಯ ಮೇಲೆ ಅಲ್ಲೇ ಇಟ್ಟಿದ್ದ ಅಣ್ಣ. ಹೊಸ ಮರಳಿಗೆ ಜಾಗ ಸಿದ್ಧಮಾಡಿ ಊಟಕ್ಕೆ ಹೋಗಿದ್ದ. ಅಣ್ಣನ ಕೆಲಸವನ್ನು ಮುಟ್ಟಬಾರದೆಂದು ಇಡೀ ಶೆಡ್ಡು ಭಕ್ತಿಯಿಂದ ಕೈಕಟ್ಟಿ ನಿಂತಿತ್ತು. ಎಲ್ಲರಿಗಿಂತ ದೊಡ್ಡ ಭಕ್ತ ತಾನು.

ಕೆಳಗಿಳಿದಾಗ ಗಡಿಯಾರದ ಸಾಹೇಬರು ಹಳಿಯ ಪಕ್ಕ ನಿಂತಿದ್ದರು. ಹಿಂದೆ ಇನ್ನೊಂದು ಗಾಡಿ ಬರುವುದಿದೆ, ಹದಿನೈದು ನಿಮಿಷ ಕಾಯಬಲ್ಲೆ, ಆಮೇಲೆ ಗುಡ್ಡದ ಬುಡದಲ್ಲಿರುವ ಡೀಸೆಲ್ಲಿಗೆ ಹೇಳಿಕಳಿಸುತ್ತೇನೆ ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ.

ಮಗಳು ಸಲಿಕೆ ಊರಿ ಎಂಜಿನ್ನಿನ ಬಾಗಿಲಿಂದ ಬಗ್ಗಿದಳು. “ಚಿಕ್ಕಪ್ಪ, ಅಮ್ಮನ ಡಬ್ಬಿ.”

ಬೆಂಕಿಯಪ್ಪ ಅತ್ತಿಗೆಯ ಕಿಟಕಿಯ ಕೆಳಗೆ ಹೋಗಿ ನಿಂತ. ಟೊಪ್ಪಿ ಕೈಯಲ್ಲಿತ್ತು.

“ಅತ್ತಿಗೆ, ತಪ್ಪು ನಂದು. ಪೆಟ್ಟಿಗೆ ಖಾಲಿ. ಅಣ್ಣಂದು ಅಂತ ಮುಟ್ಟಲೇ ಇಲ್ಲ ನಾನು.”

ಅತ್ತಿಗೆ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ನೆಲಕ್ಕೆ ಚೆಲ್ಲಿದ್ದ ಮರಳನ್ನು ಅಂದೇ ಬಳಿದು ಎತ್ತಿಟ್ಟಿದ್ದಳು ಅವಳು. ನೋಡಲು ಬಂದವರೆಲ್ಲ ಹೋದ ಮೇಲೆ ಕೈಗೆ ಬೇರೇನೂ ಕೆಲಸ ತೋಚದೆ, ಉಳಿದದ್ದನ್ನೂ ಜರಡಿ ಹಿಡಿದು, ಮೂರು ದಿನ ಸಣ್ಣ ಉರಿಯಲ್ಲಿ ಹುರಿದಿದ್ದಳು. ಗುಡ್ಡದ ತುದಿಯಲ್ಲಿ, ಗಂಡ ಯಾವಾಗಲೂ ಸೀಟಿ ಊದುತ್ತಿದ್ದ ಜಾಗದಲ್ಲಿ, ಅದನ್ನು ಅವನ ಹೆಸರಿನಲ್ಲಿ ಸುರಿದು ಬರಬೇಕೆಂದಿದ್ದಳು. ಗಂಡನ ಕೈಯಾಡಿದ್ದು ಅದೊಂದೇ ಉಳಿದಿತ್ತು.

“ನಿಮ್ಮಣ್ಣ ಇದ್ದಿದ್ರೆ ಸಲಿಕೇಲಿ ಬಾರಿಸ್ತಿದ್ರು ನಿನಗೆ,” ಎಂದಳು.

“ಹೌದು ಅತ್ತಿಗೆ.”

“ಹಿಡಿ ಕೈ. ಇಳಿಸು ನನ್ನ.”

ಪೆಟ್ಟಿಗೆಗೆ ಸುರಿದರೆ ಒಂದು ಡಬ್ಬಿ ಮರಳು ತಳಕ್ಕೂ ಸಾಲದು, ಕೊಳವೆಯ ಬಾಯಿಗೂ ಮುಟ್ಟದು. ಹಳಿಯ ಮೇಲೆ ಕೈಯಿಂದಲೇ ಹಾಕಬೇಕು ಎಂದು ಬೆಂಕಿಯಪ್ಪ ಹೇಳಿದ. ಅತ್ತಿಗೆ ಅರ್ಧ ಮರಳನ್ನು ಕೊನೆಯ ಬೋಗಿಯಿಂದ ಇಳಿದುಬಂದಿದ್ದ ಗಾರ್ಡಿನ ಟೊಪ್ಪಿಗೆ ಸುರಿದು ಎಡಹಳಿ ತೋರಿಸಿದಳು. ತನ್ನ ಕೈಚೀಲ ಅಡ್ಡವಾದಾಗ ಪಕ್ಕದಲ್ಲಿದ್ದವರ ಕೈಗೆ ಕೊಟ್ಟಳು. ಅವರು ಸಾಹೇಬರು ಎಂದು ತಿರುಗಿ ನೋಡಲೂ ಇಲ್ಲ. ಎಪ್ಪತ್ತರ ಹೆಂಗಸು ಬಲಹಳಿಯ ಉದ್ದಕ್ಕೂ ಬಾಗಿ ನಡೆದಳು. ಸಾರಿಗೆ ಉಪ್ಪು ಹಾಕುವ ಕೈ, ಅಳತೆ ತಪ್ಪಲಿಲ್ಲ. ಸುರಿಯುತ್ತಿದ್ದ ಗಾರ್ಡಿಗೆ ಚಿಟಿಕೆ ಚಿಟಿಕೆ ಹಾಕಪ್ಪ, ನಿನ್ನ ಮನೆಯ ಅಂಗಳವಲ್ಲ ಎಂದು ಗದರಿದಳು. ಜನರು ಕಿಟಕಿಗಳಿಂದ ಕತ್ತು ಚಾಚಿ ನೋಡುತ್ತಿದ್ದರು. ತಿರುವಿನ ಕೊನೆಯ ತನಕ ಹಾಕಿ ಅವಳು ಹಿಂತಿರುಗಿದಾಗ ಮಗಳು ರಟ್ಟೆ ಹಿಡಿದು ಎಂಜಿನ್ನಿನ ಮೇಲಕ್ಕೇ ಎತ್ತಿಕೊಂಡಳು.

“ನಾಲ್ಕು ನಿಮಿಷ ಉಳಿದಿದೆ,” ಎಂದಷ್ಟೇ ಹೇಳಿ ಸಾಹೇಬರು ಕೈಚೀಲ ಹಿಡಿದುಕೊಂಡು ತಮ್ಮ ಜಾಗಕ್ಕೆ ಹೋದರು.

ಬೆಂಕಿಯಪ್ಪ ಸ್ಟೀಮಿನ ಹಿಡಿಯ ಮೇಲೆ ಕೈಯಿಟ್ಟ. ಅಣ್ಣ ಇಲ್ಲಿ ಎಷ್ಟು ತೆರೆಯುತ್ತಿದ್ದ? ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ? ಏರಿನಲ್ಲಿ ಅವನ ಮುಖ ಸದಾ ಬೆಂಕಿಯ ಕಡೆಗೆ. ಅಣ್ಣನ ಕೈಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಕೇಳಿದ್ದ, ಅಷ್ಟೇ. ಹೊಗೆಕೊಳವೆಯ ಸದ್ದು ಕೇಳಿಯೇ ಎಷ್ಟು ಕಲ್ಲಿದ್ದಲು ಬೇಕೆಂದು ತಿಳಿಯುತ್ತಿದ್ದ. ಅವನು ಗೇಜಿನಿಂದ ಕಣ್ಣು ಕಿತ್ತು, ದೇವರ ಹೆಸರು ಹೇಳಿ, ಕಣ್ಣು ಮುಚ್ಚಿದ. ಬ್ರೇಕು ಬಿಟ್ಟು, ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಹಿಡಿಯನ್ನು ಸರಿಸಿದ. ಮುದುಕಿಯ ಮೊದಲ ಉಸಿರು ಬಂತು. ಇಷ್ಟು ಜೋರಲ್ಲ, ಸ್ವಲ್ಪ ತಗ್ಗಿಸಿದ. ಎರಡನೆಯ ಉಸಿರು. ಅದೇ, ಅದೇ ಸದ್ದು. ನಲವತ್ತು ವರ್ಷ ಬೆಂಕಿಯ ಮುಂದೆ ಬಾಗಿ ಕೇಳಿದ ಸದ್ದು.

ಚಕ್ರದ ಕೆಳಗೆ ಮರಳು ಚರಚರ ಅರೆಯಿತು. ಚಕ್ರ ಕಚ್ಚಿತು. ಮುದುಕಿ ಒಂದು ಮಾರು ನಡೆದಳು, ಹತ್ತು ಮಾರು ನಡೆದಳು. ಮಗಳು ಸಲಿಕೆ ಎತ್ತಿದಳು, ಹಿಂದಿನ ಎರಡು ಮೂಲೆಗೂ ತುಂಬ ತುಂಬ ಹಾಕಿದಳು. ತಿರುವು ಹಿಂದೆ ಬಿತ್ತು, ನೆರಳು ಹಿಂದೆ ಬಿತ್ತು, ಬಿಸಿಲಿಗೆ ಒಣಗಿದ ಹಳಿ ಬೆಳ್ಳಗೆ ಮುಂದೆ ಹರಡಿತು. ಈಗ ಬೆಂಕಿಯಪ್ಪ ಹಿಡಿಯನ್ನು ಪೂರ್ತಿ ತೆರೆದ. ಇನ್ನೂರು ಜನರ ಕೇಕೆಯನ್ನೂ ಮೀರಿಸಿ ಮುದುಕಿ ಗುಡುಗಿದಳು. ಕಪ್ಪು ಹೊಗೆ ಗುಡ್ಡಕ್ಕಿಂತ ಎತ್ತರಕ್ಕೆ ಏರಿತು. ಹನ್ನೊಂದು ವರ್ಷದ ತುಕ್ಕು, ಬೆವರು, ಜನರ ಕುಹಕ, ಎಲ್ಲವನ್ನೂ ಮೂರು ಬೋಗಿಗಳ ಜೊತೆ ಎಳೆದುಕೊಂಡು ಅವಳು ತುದಿ ಮುಟ್ಟಿದಳು.

ಏರು ಮುಗಿಯುವ ತನಕ ಸೀಟಿ ಊದಬಾರದೆಂಬುದು ಅಣ್ಣನ ಇನ್ನೊಂದು ಕಟ್ಟುಪಾಡು. ಮೊದಲೇ ಬಾಯಿ ಮಾಡಿದವನು ಅರ್ಧದಲ್ಲಿ ನಿಲ್ಲುತ್ತಾನೆ ಎನ್ನುತ್ತಿದ್ದ. ಬೆಂಕಿಯಪ್ಪ ಸೀಟಿಯ ಹಗ್ಗವನ್ನು ಅತ್ತಿಗೆಯ ಕೈಗೆ ಕೊಟ್ಟ. ಅವಳು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅವನೇ ಬಿಡಿಸಿಕೊಳ್ಳುವವರೆಗೂ ಬಿಡಲಿಲ್ಲ. ಆ ಕೂಗು ಕಣಿವೆಯನ್ನೆಲ್ಲ ಸುತ್ತಿ ಮರಳಿ ಬಂತು. ಮಗಳು ಸಲಿಕೆಗೆ ಒರಗಿ ನಗುತ್ತಿದ್ದಳು. ಮಸಿ ಹಿಡಿದ ಮುಖದಲ್ಲಿ ಕಣ್ಣೀರು ಎರಡು ದಾರಿ ಮಾಡಿಕೊಂಡು ಇಳಿದಿತ್ತು.

ಸಾಹೇಬರು ಅಪ್ಪಣೆಯ ಕಾಗದವನ್ನು ಅಲ್ಲೇ, ಕಲ್ಲುಬೆಂಚಿನ ಮೇಲೆ ಕೂತು ಬರೆದರು. ಹತ್ತು ವರ್ಷ. ಕೈಚೀಲ ಹಿಂದಿರುಗಿಸುವಾಗ, ಆ ಡಬ್ಬಿಯಲ್ಲಿ ಬಿಸ್ಕತ್ತು ಇದೆಯೆಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದೆ ಎಂದು ಒಪ್ಪಿಕೊಂಡರು. ಅತ್ತಿಗೆ ಹತ್ತು ದಿನಗಳಲ್ಲಿ ಮೊದಲ ಸಲ ನಕ್ಕು, ತನ್ನ ಊಟದ ಬುತ್ತಿಯಲ್ಲಿ ಅವರಿಗೂ ಪಾಲು ಕೊಟ್ಟಳು.

ಡಬ್ಬಿಯ ತಳದಲ್ಲಿ ಒಂದು ಹಿಡಿ ಮರಳು ಉಳಿದಿತ್ತು. ಅವಳು ಅದನ್ನು ನೆಲಕ್ಕೆ ಸುರಿಯಲಿಲ್ಲ. ಡಬ್ಬಿ ತಟ್ಟಿ, ಮೈದುನನ ಅಂಗೈಗೆ ಹಾಕಿದಳು.

“ಇನ್ಮೇಲೆ ಮುಚ್ಚಳ ತೆಗೆಯೋನು ನೀನು. ಹುರಿದುಕೊಡೋಳು ನಾನಿದೀನಿ.”

ಬೆಂಕಿಯಪ್ಪ ಏಣಿ ಹತ್ತಿ, ಬ್ರಷ್ಷನ್ನೂ ಬಟ್ಟೆಯನ್ನೂ ಎತ್ತಿ ಜೇಬಿಗಿಟ್ಟುಕೊಂಡು, ಆ ಹಿಡಿ ಮರಳನ್ನು ಪೆಟ್ಟಿಗೆಗೆ ಹಾಕಿದ. ಮುಚ್ಚಳ ಭದ್ರಮಾಡಿದ. ಟೊಪ್ಪಿ ತೆಗೆದು, ಬೆಚ್ಚಗಿದ್ದ ಬಾಯ್ಲರಿನ ಮೇಲೆ ಅಂಗೈಯಿಟ್ಟು ತಲೆಬಾಗಿದ.

“ದೇವರೇ, ನಮ್ಮಣ್ಣನ ಕೆಲಸ ಇವತ್ತಿಗೆ ಮುಗಿಯಿತು, ಗೆದ್ದೇ ಮುಗಿಯಿತು. ಅವನು ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿದ್ದರೆ ಮನ್ನಿಸು. ಬಹಳ ನಿಂತ ಕಾಲು ಅವನದು, ನಿನ್ನ ಹತ್ತಿರ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.”