ಹೂಂ ಅನ್ನುವಷ್ಟು ಉಸಿರು

“ಏನಲೇ ಹೇಮ್ಯಾ, ಕೊಳ್ಳಾಗಿನ ನಾಡಿಗೆ ಕೈ ಹಚ್ಚಿ ಸೈಕಲ್ ಹೊಡಿತೀಯಲ್ಲ, ಜೀವ ಐತೋ ಇಲ್ಲೋ ಅಂತ ನೋಡ್ಕೊಂತೀ ಏನು? ಅವ್ವನ್ನ ಕ್ಯಾರಿಯರ್ ಮ್ಯಾಲ ಕುಂದ್ರಿಸ್ಕೊಂಡು ಹೋಗೋದು ರೇಸ್ ಅಲ್ಲೋ ಮಗನ, ಬೀಗರ ಮನಿಗೆ ಹೊಂಟಂಗ!”

ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ಅಂಗಡಿ ಇಟ್ಟಿದ್ದ ಕರಿಬಸಪ್ಪ ಹಾಗೆಂದಾಗ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಹೇಮಪ್ಪ ಹಲ್ಲು ಕಚ್ಚಿಕೊಂಡ. ಭಾನುವಾರ ಸೈಕಲ್ ಆಯ್ಕೆಯ ಪಂದ್ಯವಿತ್ತು: ಯಲಬುರ್ಗಿಗೆ ಹೋಗಿ ತಿರುಗಿ ಬರಬೇಕು. ಮೊದಲು ಬಂದವನ ಹೆಸರು ರಾಯಚೂರಿನ ಜಿಲ್ಲಾ ಪಂದ್ಯಕ್ಕೆ ಹೋಗುತ್ತಿತ್ತು. ಜೊತೆಗೆ ಬಹುಮಾನವಾಗಿ ಕರಿಬಸಪ್ಪನ ಅಂಗಡಿಯಲ್ಲಿ ತೂಗುಹಾಕಿದ್ದ ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ಲು. ಐದನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಹೆಸರು ಬರೆಸಿಕೊಳ್ಳಲು ಬೇರೆ ಜಾಗವಿರಲಿಲ್ಲ.

ಕೊಳ್ಳಿಗೆ, ಅಂದರೆ ಕುತ್ತಿಗೆಯ ನಾಡಿಗೆ, ಬೆರಳು ಹಚ್ಚಿ ಬಡಿತ ಎಣಿಸುವುದನ್ನು ಕಲಿಸಿದವನು ಮಿಲಿಟರಿಯಿಂದ ಬಂದ ಕಂಪೌಂಡರ್ ಮರ್ದಾನಸಾಬ. “ಕಾಲು ನಿಮಿಷ ಎಣಿಸು ಬೇಟಾ. ಮೂವತ್ತರ ಒಳಗಿದ್ರ ದಿನಾನೂ ಹೊಡಿಬಹುದು. ನಲವತ್ತರತನಕ ಮೂರು ತಾಸು. ನಲವತ್ತು ದಾಟಿತಂದ್ರ ಕಡೀ ಮೈಲಿಗಷ್ಟಽ.”

ಇದಕ್ಕೊಂದು ಗುರುತು ಅವ್ವ ದುರುಗವ್ವ ಹುಡುಕಿದ್ದಳು. ದಿನಾ ಕೂಲಿಗೆ ಹೋಗುವಾಗ ಹಿಂದೆ ಕೂತು ಕಥೆ ಹೇಳುತ್ತಿದ್ದಳು. ಕೇಳುವವನು ಹೂಂ ಅನ್ನಲೇಬೇಕು, ಅನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ದಿಬ್ಬದಲ್ಲಿ ಅವನ ಹೂಂ ನಿಂತ ಕೂಡಲೇ ಬೆನ್ನಿಗೆ ಗುದ್ದುತ್ತಿದ್ದಳು: “ನಲವತ್ತು ದಾಟೀತು, ಸಾವಕಾಶ ಹೊಡಿಯೋ.”

ಭಾನುವಾರ ಸಾಲಿ ಮಾಸ್ತರರು ಸೀಟಿ ಊದಿದ್ದೇ ತಡ, ಹದಿನಾಲ್ಕು ಜನರಲ್ಲಿ ಹದಿಮೂರು ಜನ ಬಾಣದಂತೆ ಹೋದರು. ಎಲ್ಲರಿಗಿಂತ ಮುಂದೆ ಕರಿಬಸಪ್ಪನ ಅಳಿಯ ಕಳಕಪ್ಪ. ಹೇಮಪ್ಪ ಮೂವತ್ತೈದರಲ್ಲೇ ಹೊರಟ. ಹಿಂದಿನಿಂದ ಶಿಳ್ಳೆ ಬಿದ್ದವು. ನಾಲ್ಕು ಮೈಲಿ ದಾಟುವುದರೊಳಗೆ, ಮರ್ದಾನಸಾಬ ಕೊಟ್ಟು ಹ್ಯಾಂಡಲಿಗೆ ಕಟ್ಟಿದ್ದ ಗಡಿಯಾರ ರಸ್ತೆಯ ಕುಲುಕಿಗೆ ನಿಂತೇಹೋಯಿತು. ಎಣಿಸುವುದು ಹೇಗೆ? ಸಿಟ್ಟಿನಿಂದ ಎರಡು ಫರ್ಲಾಂಗು ಜೋರಾಗಿ ತುಳಿದ. ಎದೆ ಡೋಲು ಬಾರಿಸತೊಡಗಿತು. ಆಗ ಬೆನ್ನಿನ ಮೇಲೆ ಗುದ್ದು ಬಿದ್ದಂತಾಯಿತು. ಅವ್ವನ ಕಥೆಯನ್ನು ಮನಸ್ಸಿನಲ್ಲೇ ತೆಗೆದ. “ಒಂದೂರಾಗ ಒಬ್ಬಾಕಿ ಮುದುಕಿ ಇದ್ಲಂತ.” “ಹೂಂ,” ಎಂದ ಬಾಯಿಬಿಟ್ಟು. “ಆಕಿಗೊಂದು ಹುಂಜ ಇತ್ತಂತ.” “ಹೂಂ.”

ತಿರುಗಿ ಬರುವಾಗ ಗಾಳಿ ದಿಕ್ಕು ಬದಲಿಸಿ ಎದುರಾಯಿತು. ಕಳಕಪ್ಪನೊಬ್ಬನನ್ನು ಬಿಟ್ಟು ಬಾಣಗಳೆಲ್ಲ ಬೇವಿನ ಮರದ ಕೆಳಗೆ ಮಲಗಿದ್ದವು. ಒಬ್ಬ ವಾಂತಿ ಮಾಡುತ್ತಿದ್ದ. ಮುದುಕಿಯ ಹುಂಜ ಇನ್ನೂ ಬದುಕಿತ್ತು, ಹೂಂ ಇನ್ನೂ ಬರುತ್ತಿತ್ತು. ಊರು ಒಂದು ಮೈಲಿ ಇದ್ದಾಗ ಕಳಕಪ್ಪನ ಬೆನ್ನು ಕಂಡಿತು. ಹೇಮಪ್ಪ ಕಥೆ ಬಿಟ್ಟ, ಹೂಂ ಬಿಟ್ಟ, ತುಳಿದ.

ಮಾಸ್ತರರು ಮೊದಲನೆಯ ಹೆಸರು ಬರೆದುಕೊಂಡರು: ಹೇಮಪ್ಪ. ಕರಿಬಸಪ್ಪ ರೇಸ್ ಸೈಕಲ್ ಇಳಿಸಿ ತಂದು ಹೆಗಲ ಮೇಲೆ ಕೈ ಹಾಕಿದ.

“ನಮ್ಮ ಹುಡುಗ ನೋಡ್ರಿ! ಕೊಳ್ಳು ಹಿಡಿಯೋ ವಿದ್ಯಾ ನಾನಽ ಕಲಿಸಿದ್ದು. ಹೌದಲ್ಲೋ ತಮ್ಮಾ? ಸೈಕಲ್ ನಿಂದಽ. ಹಿಂದ ಅಂದಿದ್ದು ಚೇಷ್ಟಿಗೆ ತಗಿ. ಹೂಂ ಅನ್ನು, ಒಂದ ಸಲ.”

ಮಂದಿ ಕಾಯುತ್ತಿದ್ದರು. ಹೇಮಪ್ಪ ಕುತ್ತಿಗೆಗೆ ಬೆರಳು ಹಚ್ಚಿದ. ನಾಡಿ ಇಳಿದಿತ್ತು. ಹೂಂ ಅನ್ನುವಷ್ಟು ಉಸಿರು ಬೇಕಾದಷ್ಟಿತ್ತು.

ನಿಂತ ಗಡಿಯಾರವನ್ನು ಬಿಚ್ಚಿ ಮಂದಿಯ ನಡುವೆ ನಿಂತಿದ್ದ ಮರ್ದಾನಸಾಬನ ಕೈಗಿಟ್ಟ. ರೇಸ್ ಸೈಕಲ್ಲನ್ನು ಅಲ್ಲೇ ಬಿಟ್ಟು, ಕ್ಯಾರಿಯರ್ ಇದ್ದ ತನ್ನ ಹಳೆಯ ಸೈಕಲ್ಲನ್ನು ತಿರುಗಿಸಿಕೊಂಡು, ಅವ್ವ ಕೂಲಿ ಬಿಡುವ ಹೊಲದ ಕಡೆ ತಳ್ಳುತ್ತಾ ನಡೆದ.